ನಾಲ್ಕು ಬಿಗಿ ಮನೆಗಳು

ಇರಿಬಾರ್ನ್ ಟೈರ್ ಅಂಗಡಿ,
ಮಡ್ ಸ್ಪ್ರಿಂಗ್ಸ್, ನೆವಾಡಾ
ಸೆಪ್ಟೆಂಬರ್ ೧೬, ೧೯೮೬

ಪ್ರೀತಿಯ ಬೆನ್ಯಾತ್,

ಓದುವ ಮೊದಲು ಕೂತುಕೋ. ಹೆದರುವಂಥದ್ದೇನಿಲ್ಲ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ನಿನ್ನ ಭಾವ ಎಂದಿನಂತೆ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದಾರೆ, ನಾನು ಎಂದಿನಂತೆ ಟೈರುಗಳ ಮಧ್ಯೆ ಮಸಿ ಬಳಿದುಕೊಂಡಿದ್ದೇನೆ. ಕೂತುಕೋ ಅಂದದ್ದು ಯಾಕೆಂದರೆ ನಿನ್ನ ಅಕ್ಕನಿಗೆ ಈ ವಾರ ವಿಪರೀತ ಜಂಬ ಬಂದುಬಿಟ್ಟಿದೆ. ಅದನ್ನು ನಿಂತುಕೊಂಡು ತಡೆದುಕೊಳ್ಳುವುದು ಕಷ್ಟ.

ನೀನು ಅಂಗಡಿಯ ಡ್ರಾಯರಿನಲ್ಲಿ ಬಿಟ್ಟುಹೋದ ರಿವಾಲ್ವರಿನ ವಿಷಯ. ಕಾಗದ ಮಡಚಿಡಬೇಡ. ಅದರ ಹೆಸರೆತ್ತಬೇಡ ಅಂತ ನೀನು ಅಸ್ಟೋರಿಯಾದಿಂದ ಬರೆದ ಮೊದಲ ಕಾಗದದಲ್ಲೇ ಹೇಳಿದ್ದೆ. ಎಂಟು ವರ್ಷ ನಾನೂ ಎತ್ತಲಿಲ್ಲ. ಈಗ ಎತ್ತದಿದ್ದರೆ ನಾನು ಅಕ್ಕ ಅನ್ನಿಸಿಕೊಳ್ಳುವುದಕ್ಕೆ ಯೋಗ್ಯಳಲ್ಲ.

ಆ ಭಾನುವಾರವನ್ನು ನಾನು ನೋಡಿದ ಹಾಗೆ ಮೊದಲು ಹೇಳಿಬಿಡುತ್ತೇನೆ. ನೀನು ಗುರಿಯ ಕಡೆ ಮುಖ ಮಾಡಿ ನಿಂತಿದ್ದೆ, ನಾನು ಬೇಲಿಯ ಹಿಂದೆ ಇದ್ದೆ. ನಿನ್ನ ಹಿಂದೆ ಏನು ನಡೆಯಿತು ಅನ್ನುವುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಬಂದೂಕು ಕ್ಲಬ್ಬಿನವರು ಗುರಿ ಹೊಡೆಯುವ ಜಲ್ಲಿ ಗುಂಡಿಯಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ. ಗುರಿಗೆ ನಿಲ್ಲಿಸಿದ ಕಬ್ಬಿಣದ ಕೋಳಿ, ಹಂದಿ, ಟರ್ಕಿ ಹಕ್ಕಿ ಎಲ್ಲ ಮುಗಿದು ಕೊನೆಗೆ ದೂರದ ದಿಬ್ಬದ ಮೇಲೆ ಕಬ್ಬಿಣದ ಟಗರುಗಳ ಸಾಲು. ಹತ್ತರಲ್ಲಿ ನೀನು ಬೀಳಿಸಿದ್ದು ಮೂರು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ಇದೇ ಅಂಗಡಿಯಲ್ಲಿ ಕಾರು ಎತ್ತುವ ಜಾಕ್ ಜಾರಿ ನಿನ್ನ ಮಣಿಕಟ್ಟು ಮುರಿದಿತ್ತಲ್ಲ, ಜನಕ್ಕೆ ಅಷ್ಟೇ ಸಾಕಾಯಿತು. ಬೇಲಿಯ ಹತ್ತಿರ ಒಬ್ಬ, "ಪಾಪ, ಕೈ ಹೋಯ್ತು" ಅಂದ. ಇನ್ನೊಬ್ಬ, "ಕುರಿ ಕಾಯೋರ ಮನೆ ಹುಡುಗನಿಗೆ ಒಂದು ಕುರಿ ಬೀಳ್ಸೋಕಾಗ್ತಿಲ್ಲ ನೋಡ್ರೋ!" ಅಂತ ನಕ್ಕ.

ಆಗ ಅಪ್ಪ ಎದ್ದು ಹೋದರು. ನಿನ್ನ ಕೈಯಿಂದ ರಿವಾಲ್ವರ್ ತೆಗೆದುಕೊಂಡರು, ನಳಿಗೆಗೆ ಕುಂಚ ಹಾಕಿ ಒರೆಸಿದರು, ಒಂದು ತೋಟಾ ತುಂಬಿ, ತೋಟಾಗಳ ಉರುಳೆ ತಿರುಗಿಸಿ ಹೊಡೆದರು. ಟಗರು ಗಂಟೆ ಬಾರಿಸಿದ ಹಾಗೆ ಸದ್ದು ಮಾಡಿ ಉರುಳಿತು. ಅಪ್ಪ ಅದನ್ನು ನಿನ್ನ ಕೈಗೆ ವಾಪಸು ಇಟ್ಟು, ಎಲ್ಲರಿಗೂ ಕೇಳಿಸುವ ಹಾಗೆ ಅಂದರು: "ಬಂದೂಕು ಸರಿಯಾಗೇ ಇದೆ. ನಿನ್ನ ಕೈ ನೋಡ್ಕೋ."

ನೀನು ನೋಡಿಕೊಂಡೆ. ಆ ಒಂದು ಮಾತಿನ ಮೇಲೆ ನೀನು ಏನೇನು ಬಿಟ್ಟೆ ಅನ್ನುವುದು ಊರಿಗೆಲ್ಲ ಗೊತ್ತಿಲ್ಲ, ನನಗೆ ಗೊತ್ತು. ಸ್ಪರ್ಧೆ ಬಿಟ್ಟದ್ದು ದೊಡ್ಡದಲ್ಲ. ಕುದುರೆ ಜೀನು ಹೊಲಿಯುವುದನ್ನೇ ಬಿಟ್ಟೆಯಲ್ಲ! ಅರ್ಧ ಹೊಲಿದ ಜೀನನ್ನು ಗಿರಾಕಿಗೆ ಹಾಗೇ ಒಪ್ಪಿಸಿ, "ಈ ಕೈ ಚರ್ಮ ಹಾಳು ಮಾಡುತ್ತೆ ಅಕ್ಕ" ಅಂದೆ. ಈ ಸೀಮೆಯಲ್ಲಿ ನಿನ್ನ ಹೂಬಳ್ಳಿಯ ಕೆತ್ತನೆ ನೋಡಿ ಕುದುರೆಯ ಒಡೆಯ ಯಾರೆಂದು ಹೇಳುತ್ತಿದ್ದರು. ಅಂಥವನು ಹೋಗಿ ಕಡಲ ದಂಡೆಯ ಮರದ ಮಿಲ್ಲಿನಲ್ಲಿ ಕಾವಲುಗಾರನಾದೆ.

ಈಗ ಈ ಬೇಸಿಗೆಗೆ ಬರುತ್ತೇನೆ.

ನಾನು ಸೀಸ ಕರಗಿಸುವುದು ನಿನಗೆ ಗೊತ್ತೇ ಇದೆ. ಚಕ್ರದ ಅಂಚಿಗೆ ತೂಕ ಸರಿಮಾಡಲು ಹಾಕುವ ಸೀಸದ ತುಂಡುಗಳು ನಮ್ಮ ಅಂಗಡಿಯಲ್ಲಿ ಬಕೆಟ್ಟುಗಟ್ಟಲೆ ಬೀಳುತ್ತವೆ. ಅದನ್ನು ಕರಗಿಸಿ, ಕಸ ತೆಗೆದು, ಅಚ್ಚಿಗೆ ಹುಯ್ದು ಕ್ಲಬ್ಬಿನವರಿಗೆಲ್ಲ ಗುಂಡು ಮಾಡಿಕೊಡುತ್ತೇನೆ. ನನ್ನ ಗುಂಡುಗಳಲ್ಲಿ ಸುಕ್ಕಿರುವುದಿಲ್ಲ, ಬುಡ ಅಂಚಿನವರೆಗೂ ಪೂರ್ತಿ ತುಂಬಿರುತ್ತದೆ ಅಂತ ಎಲ್ಕೋ ಪಟ್ಟಣದವರೂ ಕೇಳಿಕೊಂಡು ಬರುತ್ತಾರೆ. ಇದೂ ಜಂಬವೇ, ಇರಲಿ.

ಜುಲೈಯಲ್ಲಿ ಅಂಚೆ ಕಚೇರಿಯ ವರ್ನಾ ಬಂದಳು. ನೀನು ಹೋದಮೇಲೆ ಈ ಊರಿಗೆ ಬಂದವಳು, ನೀನು ನೋಡಿಲ್ಲ. ಕ್ಲಬ್ಬಿನಲ್ಲಿ ಅವಳಿಗಿಂತ ಸ್ಥಿರವಾದ ಕೈ ಇನ್ನೊಂದಿಲ್ಲ. ಹೋದ ವರ್ಷ ರಾಜ್ಯಕ್ಕೇ ಮೊದಲು ಬಂದವಳು. ಅವಳ ರಿವಾಲ್ವರ್ ರಿಪೇರಿಗೆ ಹೋಗಿತ್ತು, ಎರವಲು ಕೇಳಿದಳು. ನಿನ್ನದನ್ನು ಕೊಟ್ಟೆ. ಅದೇ ಸಂಜೆ ವಾಪಸು ತಂದು ಮೇಜಿನ ಮೇಲಿಟ್ಟಳು. ಮುಖ ಕೆಂಪಾಗಿತ್ತು.

"ಇದು ಯಾರದ್ರೀ ಗ್ರಾಶಿ?"

"ನನ್ನ ತಮ್ಮಂದು. ಯಾಕೆ?"

"ಹತ್ತರಲ್ಲಿ ಮೂರು ಬಿತ್ತು ನಂಗೆ. ಒಂದು ಗುಂಡು ಗುರಿ ಇಟ್ಟ ಕಡೆ ಹೋಗುತ್ತೆ, ಇನ್ನೊಂದು ಊರಾಚೆ. ನಳಿಗೆ ತುಂಬ ಸೀಸ ಮೆತ್ಕೊಂಡಿದೆ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. "ನನ್ನ ತಮ್ಮನಿಗೂ ಮೂರೇ ಬಿದ್ದಿದ್ದು" ಅಂದೆ.

"ಹಾಗಾದ್ರೆ ಆತನ ಕೈಗೆ ಮುತ್ತು ಕೊಡ್ಬೇಕು ಕಣ್ರೀ. ಇದ್ರಲ್ಲಿ ಮೂರು ಬೀಳ್ಸೋನು ಸಾಮಾನ್ಯ ಮನುಷ್ಯ ಅಲ್ಲ."

ಬೆನ್ಯಾತ್, ಅವಳು ಹೋದಮೇಲೆ ನಾನು ಅಂಗಡಿ ಬಾಗಿಲು ಹಾಕಿ ಅಲ್ಲೇ ಒಂದು ಟೈರಿನ ಮೇಲೆ ಕೂತೆ. ವರ್ನಾಳ ಮಣಿಕಟ್ಟು ಯಾವತ್ತೂ ಮುರಿದಿರಲಿಲ್ಲ. ಮತ್ತೆ ಮೂರೇ ಯಾಕೆ?

ಮಾರನೆಯ ದಿನ ರಿವಾಲ್ವರನ್ನು ಬಿಚ್ಚಿದೆ. ನಳಿಗೆಯನ್ನು ಹೊಳೆಯುವವರೆಗೆ ಉಜ್ಜಿದೆ. ಅಪ್ಪಟ ಮೆತ್ತನೆಯ ಸೀಸದ ಒಂದು ಉಂಡೆಗೆ ಎಣ್ಣೆ ಸವರಿ, ನಳಿಗೆಯ ಒಂದು ಬಾಯಿಂದ ಇಟ್ಟು, ಮರದ ಕಡ್ಡಿ ಮತ್ತು ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಇನ್ನೊಂದು ಬಾಯಿಗೆ ಹೊರಡಿಸಿದೆ. ನಳಿಗೆಯ ಒಳಗಿನ ಗಾತ್ರವೆಲ್ಲ ಆ ಸೀಸದ ಮೇಲೆ ಅಚ್ಚೊತ್ತಿ ಬಂತು. ಆಮೇಲೆ ಅದೇ ತುಂಡನ್ನು ಉರುಳೆಯ ಮುಂದಿನಿಂದ ಒಂದೊಂದು ಮನೆಗೂ ಹಿಡಿದು ನೋಡಿದೆ. ತೋಟಾ ಕೂರುವ ಆರು ಮನೆಗಳಿಗೂ ಮುಂದೆ ಒಂದೊಂದು ಬಾಯಿ ಇದೆಯಲ್ಲ, ಗುಂಡು ಮೊದಲು ದಾಟುವುದು ಅದನ್ನೇ. ಆ ಬಾಯಿ ನಳಿಗೆಗಿಂತ ಕೂದಲೆಳೆಯಷ್ಟು ಅಗಲ ಇರಬೇಕು. ನಳಿಗೆಯನ್ನು ದಾಟಿಬಂದ ಸೀಸ ಅದರಲ್ಲಿ ಸಲೀಸಾಗಿ ಇಳಿಯಬೇಕು.

ಎರಡು ಮನೆಗಳಲ್ಲಿ ಇಳಿಯಿತು. ನಾಲ್ಕರಲ್ಲಿ ಇಳಿಯಲೇ ಇಲ್ಲ. ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದೆ, ಬಾಯಿಯ ಮೇಲೆ ಮುಚ್ಚಳದ ಹಾಗೆ ಕೂತಿತ್ತು.

ನಿನಗೆ ಈಗ ಅರ್ಥವಾಗಿರುತ್ತದೆ. ನಾನೇ ಹುಯ್ದುಕೊಟ್ಟ ಗುಂಡುಗಳು, ನಳಿಗೆಗೆ ಸರಿಯಾದ ಗಾತ್ರದವೇ. ಆದರೆ ಆ ನಾಲ್ಕು ಮನೆಗಳ ಬಿಗಿಯಾದ ಬಾಯಿ ಅವನ್ನು ದಾಟುವಾಗಲೇ ಹಿಂಡಿ ಸಣ್ಣದು ಮಾಡುತ್ತಿತ್ತು. ಸಣ್ಣದಾದ ಗುಂಡು ನಳಿಗೆಯೊಳಗೆ ಸಡಿಲ. ನಳಿಗೆಯ ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳನ್ನು ಕಚ್ಚುವುದಿಲ್ಲ, ಸರಿಯಾಗಿ ತಿರುಗುವುದಿಲ್ಲ, ಹಿಂದಿನಿಂದ ಬಿಸಿ ಹೊಗೆ ಸಂದಿನಲ್ಲಿ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಪ್ರತಿ ಭಾನುವಾರ ಸಂಜೆ ನೀನು ಹಿತ್ತಲ ಮೆಟ್ಟಿಲ ಮೇಲೆ ಕೂತು ಆ ನಳಿಗೆಯನ್ನು ಉಜ್ಜಿ ಉಜ್ಜಿ ಬೈಯುತ್ತಿದ್ದದ್ದು ಇದಕ್ಕೇ.

ಆರೂ ಮನೆ ಬಿಗಿಯಾಗಿದ್ದರೆ ನಾವು ಬಂದೂಕನ್ನು ಅನುಮಾನಿಸುತ್ತಿದ್ದೆವು. ಎರಡು ಚೆನ್ನಾಗಿದ್ದವು, ಅದೇ ಕೇಡಾಯಿತು. ಆಗಾಗ ಒಂದು ಗುಂಡು ಇಟ್ಟ ಕಡೆ ಹೋಗುತ್ತಿತ್ತು. ಹಾಗಾಗಿ ಎಲ್ಲರ ಕಣ್ಣೂ ಕೈಯ ಮೇಲೆ ಬಿತ್ತು.

ಅಪ್ಪನಿಗೆ ಹೇಗೆ ಹೇಳುವುದು? ಅವರ ಸ್ವಭಾವ ನಿನಗೆ ಗೊತ್ತು. ಬಾಯಲ್ಲಿ ಹೇಳಿದರೆ, "ನಿನ್ನ ತಮ್ಮನ ಪರ ವಕೀಲಿಕೆ ಮಾಡ್ಬೇಡ" ಅಂತ ಎದ್ದು ಹೋಗುತ್ತಾರೆ. ಅದಕ್ಕೆ ಏನೂ ಹೇಳಲಿಲ್ಲ. ಟೈರಿಗೆ ಗುರುತು ಹಾಕುವ ಹಳದಿ ಕಡ್ಡಿಯಿಂದ ಉರುಳೆಯ ಎರಡು ಒಳ್ಳೆಯ ಮನೆಗಳ ಮೇಲೆ ಒಂದೊಂದು ಚುಕ್ಕೆ ಇಟ್ಟು, ಶನಿವಾರ ಬೆಳಿಗ್ಗೆ ಅವರನ್ನು ಜಲ್ಲಿ ಗುಂಡಿಗೆ ಕರೆದುಕೊಂಡು ಹೋದೆ. ದಾರಿಗೆ ಬ್ರೆಡ್ಡು, ಖಾರದ ಹಂದಿಮಾಂಸದ ಚೊರಿಜೊ ಕಟ್ಟಿಕೊಂಡಿದ್ದೆ. ಅದಿಲ್ಲದೆ ಅವರು ಬರುವವರಲ್ಲ.

"ಇದನ್ನ ಮಾರ್ಬೇಕು ಅಂತಿದೀನಿ ಅಪ್ಪ. ಒಂದ್ಸಲ ನೀವು ಹೊಡೆದು ನೋಡಿ" ಅಂದೆ.

"ನೋಡೋದೇನಿದೆ? ಅವತ್ತೇ ನೋಡಿದ್ನಲ್ಲ."

"ಆದ್ರೂ."

ಮರಳಿನ ಮೂಟೆಯ ಮೇಲೆ ಕೈ ಊರಿ ಕೂತರು. ಎಪ್ಪತ್ತೊಂಬತ್ತಾದರೂ ಅವರ ಕೈ ಕಲ್ಲಿನ ಹಾಗಿದೆ. ನಾನು ಪಕ್ಕದಲ್ಲಿ ನಿಂತು ಪ್ರತಿ ಸಲ ನಳಿಗೆ ಒರೆಸಿ, ಒಂದೇ ಒಂದು ತೋಟಾ ನನಗೆ ಬೇಕಾದ ಮನೆಗೆ ತುಂಬಿ ಕೊಟ್ಟೆ. ಮೊದಲು ಚುಕ್ಕೆಯ ಎರಡು ಮನೆ. ಕಾಗದದ ಮೇಲೆ ಎರಡು ತೂತು, ಒಂದಕ್ಕೊಂದು ಅಂಟಿಕೊಂಡು.

"ನೋಡ್ದ್ಯಾ? ನಾನು ಏನಂದಿದ್ದೆ?" ಅಂದರು ಅಪ್ಪ. ಮೀಸೆಯಡಿ ನಗು.

"ನೋಡ್ದೆ. ಇನ್ನೂ ನಾಲ್ಕು ಇದೆ."

ಮೂರನೆಯ ಗುಂಡು ಕಾಗದದ ಮೇಲಂಚಿಗೆ ಹೋಯಿತು. ಅಪ್ಪ ಗಂಟಲು ಸರಿಮಾಡಿಕೊಂಡರು. ನಾಲ್ಕನೆಯದು ಎಡಕ್ಕೆ. ಐದನೆಯದು ಕಾಗದಕ್ಕೇ ತಾಗಲಿಲ್ಲ. ಆರನೆಯದರ ತೂತು ಉದ್ದುದ್ದ ಇತ್ತು, ಗುಂಡು ಅಡ್ಡ ಬಿದ್ದು ಹೋದ ಹಾಗೆ.

ಅಪ್ಪ ರಿವಾಲ್ವರನ್ನು ಮೂಟೆಯ ಮೇಲಿಟ್ಟು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಅಂಗೈ ತಿರುಗಿಸಿ ನೋಡಿದರು, ಬೆರಳು ಮಡಚಿ ಬಿಡಿಸಿ ನೋಡಿದರು. ಆ ಭಾನುವಾರ ನೀನು ಹಾಗೇ ನೋಡಿಕೊಂಡಿದ್ದೆ. ನನಗೆ ಗೆದ್ದೆ ಅಂತ ಅನ್ನಿಸಲಿಲ್ಲ.

"ಕೈ ನೋಡ್ಕೋಬೇಡಿ ಅಪ್ಪ," ಅಂದೆ. "ಮತ್ತೆ ಮೊದಲ್ನೇ ಮನೆಯಿಂದ ಹೊಡೀರಿ."

ಹೊಡೆದರು. ಮೊದಲ ಎರಡು ತೂತುಗಳ ಪಕ್ಕದಲ್ಲೇ ಮೂರನೆಯದು ಬಂತು.

ಆಮೇಲೆ ಸೀಸದ ತುಂಡು ತೆಗೆದು ಅವರ ಅಂಗೈಗೆ ಹಾಕಿದೆ. ಯಾವ ಮನೆಗೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ ಎಂದು ಅವರೇ ಒತ್ತಿ ಒತ್ತಿ ನೋಡಿದರು. ಎಲ್ಲವನ್ನೂ ಎರಡೆರಡು ಸಲ. ಕೊನೆಗೆ ನನ್ನ ಮುಖ ನೋಡದೆ ಕೇಳಿದರು:

"ಅವತ್ತು ನಂಗೆ ಬಂದಿದ್ದು ಯಾವ ಮನೆ?"

"ಯಾರಿಗೆ ಗೊತ್ತು ಅಪ್ಪ. ಈ ಎರಡರಲ್ಲಿ ಒಂದು."

ವಾಪಸು ಬರುವಾಗ ಬ್ರೆಡ್ಡಿನ ಗಂಟು ಬಿಚ್ಚಲೇ ಇಲ್ಲ. ಚೊರಿಜೊ ಮುಂದಿಟ್ಟುಕೊಂಡು ಅಪ್ಪ ತಿನ್ನದೆ ಕೂತದ್ದನ್ನು ನಾನು ನೋಡಿದ್ದು ಅಮ್ಮ ಹೋದ ದಿನ ಬಿಟ್ಟರೆ ಅವತ್ತೇ.

ಇನ್ನು ನನ್ನ ಜಂಬದ ಭಾಗ. ವಿನ್ನೆಮಕ್ಕಾದಲ್ಲಿ ಬಂದೂಕು ರಿಪೇರಿಯ ಅಲ್ವಿನ್ ಇದ್ದಾನಲ್ಲ, ಅವನ ಹತ್ತಿರ ಉರುಳೆ ತೆಗೆದುಕೊಂಡು ಹೋದೆ. ಅಳತೆ ಮಾಡಿ, "ನೀನು ಹೇಳಿದ್ದು ಸರಿ ಗ್ರಾಶಿ. ಬಿಟ್ಟು ಹೋಗು, ಮುಂದಿನ ತಿಂಗಳು ಬಾಯಿ ಕೊರೆದು ಅಗಲ ಮಾಡಿಕೊಡ್ತೀನಿ" ಅಂದ. ಮುಂದಿನ ತಿಂಗಳಾದರೆ ಕ್ಲಬ್ಬಿನ ದೊಡ್ಡ ಸ್ಪರ್ಧೆ ಮುಗಿದಿರುತ್ತಿತ್ತು.

"ಆ ಕೊರೆಯೋ ಉಪಕರಣ ಕೊಡು, ನಾನೇ ಮಾಡ್ತೀನಿ" ಅಂದೆ.

"ಟೈರ್ ಬಿಚ್ಚಿದ ಹಾಗಲ್ಲ ಇದು."

"ಟೈರ್ ಬಿಚ್ಚೋಕೆ ಬರುತ್ತಾ ನಿಂಗೆ?"

ನಕ್ಕು ಕೊಟ್ಟ. ಅಲ್ಲೇ ಅವನ ಮೇಜಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ. ಎಣ್ಣೆ ಧಾರಾಳ ಬಿಡಬೇಕು, ಒಂದೇ ಕಡೆಗೆ ತಿರುಗಿಸಬೇಕು, ಒತ್ತಬಾರದು, ಹಿಂದಕ್ಕೆ ತಿರುಗಿಸಲೇಬಾರದು. ಬಿಗಿಯಾದ ನಾಲ್ಕು ಬಾಯಿಗಳನ್ನು ಒಳ್ಳೆಯ ಎರಡರ ಸಮಕ್ಕೆ ಕೈಯಲ್ಲೇ ತಂದೆ. ಕೂದಲಿಗಿಂತ ತೆಳುವಾದ ಉಕ್ಕಿನ ಸಿಪ್ಪೆ ಎಣ್ಣೆಯಲ್ಲಿ ಮಿನುಗುತ್ತ ಬಂತು. ನಿನ್ನ ಎಂಟು ವರ್ಷ ನುಂಗಿದ್ದು ಇಷ್ಟೇನಾ ಅಂತ ಬೆರಳ ತುದಿಯಲ್ಲಿ ಹಿಡಿದು ನೋಡಿದೆ. ಉಫ್ ಅಂದರೆ ಹಾರಿಹೋಗುವಷ್ಟಿತ್ತು.

ಆಮೇಲೆ ಗುಂಡು. ಬಾಯಿ ಅಗಲವಾದ ಮೇಲೆ ಹಳೆಯ ಗಾತ್ರವೂ ನಡೆಯುತ್ತಿತ್ತು, ಆದರೆ ಬಾಯಿಗೆ ತಕ್ಕಷ್ಟು ದಪ್ಪ ಇದ್ದರೆ ಗುಂಡು ಇನ್ನೂ ನೇರ ಹೋಗುತ್ತದೆ. ಅಚ್ಚಿನಿಂದ ಬಿದ್ದ ಗುಂಡನ್ನು ಗಾತ್ರಕ್ಕೆ ತರುವ ಬಳೆ ಇದೆಯಲ್ಲ, ಅದರ ಒಳಗನ್ನು ಅಲ್ವಿನ್ ಒಂದು ಚೂರು ಹಿಗ್ಗಿಸಿಕೊಟ್ಟ. ಹೊಸ ಗುಂಡು ನಳಿಗೆಗಿಂತ ಒಂದಿಷ್ಟೇ ದಪ್ಪ. ಮನೆಯ ಬಾಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಮೆಲ್ಲಗೆ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಆರರಲ್ಲೂ. ಬೆನ್ಯಾತ್, ಆ ಇಳಿಯುವಿಕೆ ಬೆರಳಿಗೆ ಎಷ್ಟು ಹಿತವಾಗಿರುತ್ತದೆ ಅಂತ ಬರೆದು ತಿಳಿಸಲು ನನಗೆ ಬರುವುದಿಲ್ಲ. ಅವತ್ತು ಒಂದು ಗುಂಡನ್ನು ಸುಮ್ಮನೆ ಆರೂ ಮನೆಗೆ ಹಾಕಿ ತೆಗೆದು, ಹಾಕಿ ತೆಗೆದು ಆಡಿಕೊಂಡಿದ್ದೆ. ನಿನ್ನ ಭಾವ ಬಂದು ನೋಡಿ, "ಊಟ ಉಂಟೋ ಇಲ್ಲವೋ ಇವತ್ತು?" ಅಂದರು.

ಮೊನ್ನೆ ಭಾನುವಾರ ಸ್ಪರ್ಧೆ. ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ವೆಂಡೆಲ್ ಕೂತಿದ್ದ. ಅವತ್ತೂ ಅವನೇ ಕೂತಿದ್ದು. ತಲೆ ಪೂರ್ತಿ ಬೋಳಾಗಿದೆ, ಬಾಯಿ ಹಾಗೇ ಇದೆ.

"ಗ್ರಾಶಿ, ಗುಂಡು ಮಾರೋಕೆ ಬಂದ್ಯಾ?"

"ಹೊಡೆಯೋಕೆ ಬಂದೆ. ಬರ್ಕೋ, ಇರಿಬಾರ್ನ್."

ಅವನು ರಿವಾಲ್ವರ್ ಗುರುತು ಹಿಡಿದ. ಹುಬ್ಬು ಮೇಲೆ ಹೋಯಿತು.

ಕೋಳಿಗಳಲ್ಲಿ ನಾನು ನಾಲ್ಕು ತಪ್ಪಿಸಿದೆ, ಹೆದರಿಕೆಗೆ. ಹಂದಿಗಳು ಪರವಾಗಿಲ್ಲ. ಟರ್ಕಿಗಳ ಹೊತ್ತಿಗೆ ಗಾಳಿ ಬೀಸತೊಡಗಿತ್ತು, ಅರ್ಧ ನಿಂತೇ ಇದ್ದವು. ಒಟ್ಟು ಲೆಕ್ಕದಲ್ಲಿ ಗೆದ್ದದ್ದು ವರ್ನಾ, ಅವಳು ಗೆಲ್ಲಲೇಬೇಕು. ಆದರೆ ಕೊನೆಗೆ ಟಗರುಗಳು ಬಂದವು. ನೆಲದ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ರಿವಾಲ್ವರನ್ನು ಕಾಲಿನ ಪಕ್ಕಕ್ಕೆ ಆನಿಸಿ, ಉಸಿರು ಬಿಟ್ಟು ನಿಲ್ಲಿಸಿದೆ. ಅಲ್ಲಿಂದ ಆ ಟಗರು ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಹೊಡೆದೆ. ಸದ್ದು ಬರುವುದಕ್ಕೆ ಒಂದು ಕ್ಷಣ ಹಿಡಿಯುತ್ತದಲ್ಲ, ಆ ಕ್ಷಣದಲ್ಲಿ ಟಗರು ಆಗಲೇ ವಾಲುತ್ತಿತ್ತು. ಎರಡನೆಯದು. ಮೂರನೆಯದು. ನಾಲ್ಕನೆಯದು ಬಿದ್ದಾಗ ಬೇಲಿಯ ಹತ್ತಿರ ಮಾತು ನಿಂತಿತು. ಉಳಿದವೂ ಹಾಗೇ ಉರುಳಿದವು. ಹತ್ತಕ್ಕೆ ಹತ್ತು! ಆ ಮೈದಾನದಲ್ಲಿ ರಿವಾಲ್ವರಿನಲ್ಲಿ ಹಾಗೆ ಹೊಡೆದವರು ಬೆರಳೆಣಿಕೆಯಷ್ಟು ಜನ, ಅದರಲ್ಲೊಬ್ಬಳು ಟೈರ್ ಅಂಗಡಿಯವಳು.

ಜನ ಬೆನ್ನು ತಟ್ಟಿದರು. ಹಳಬನೊಬ್ಬ, "ಎಂಥಾ ಕೈ ನಿಂದು!" ಅಂದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಪ್ಪನ ಸ್ವರ ಬಂತು.

"ಕೈ ಅಲ್ಲ ಕಣಯ್ಯ!"

ಜನ ದಾರಿ ಬಿಟ್ಟರು. ಬೆರೆ ಟೋಪಿ ಸರಿಮಾಡಿಕೊಂಡು, ಕೋಲು ಊರುತ್ತ ನೇರವಾಗಿ ವೆಂಡೆಲ್‌ನ ಮೇಜಿಗೆ ಹೋದರು.

"ವೆಂಡೆಲ್, ಬರ್ಕೋ. ಅವತ್ತು ಕೆಟ್ಟಿದ್ದು ಬಂದೂಕು. ನನ್ನ ಮಗನ ಕೈ ಅಲ್ಲ."

"ಯಾವತ್ತು, ಬೆಟ್ಟಿರಿ?" ಅಂತ ಅಪ್ಪನ ಹೆಸರು ಹಿಡಿದು ಕೇಳಿದ.

"ಯಾವತ್ತು ಅಂತ ನಿಂಗೆ ಗೊತ್ತು. ಇಲ್ಲಿರೋ ಅರ್ಧ ಜನಕ್ಕೆ ಗೊತ್ತು. ನಕ್ಕೋರಿಗಂತೂ ಚೆನ್ನಾಗಿ ಗೊತ್ತು."

"ಸರಿ ಮಾರಾಯ. ಈಗ ಇದನ್ನ ಎಲ್ಲಿ ಅಂತ ಬರ್ಕೊಳ್ಲಿ ನಾನು?"

"ಅವತ್ತು ಎಲ್ಲಿ ಬರ್ಕೊಂಡ್ಯೋ ಅಲ್ಲೇ."

ವೆಂಡೆಲ್ ನಗಲು ಹೋದವನು ಅಪ್ಪನ ಮುಖ ನೋಡಿ ನಗಲಿಲ್ಲ. ಪೆನ್ನು ತೆಗೆದ. ಏನು ಬರೆದನೋ ನನಗೆ ಕಾಣಲಿಲ್ಲ, ಆದರೆ ಬರೆದ. ಅಪ್ಪ ಅವನು ಮುಗಿಸುವ ತನಕ ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, "ಹಸಿವು" ಅಂದರು. ಅಷ್ಟೇ. ಕಾರಿನಲ್ಲಿ ಕೂತು ಅರ್ಧ ಬ್ರೆಡ್ಡು, ಇಡೀ ಚೊರಿಜೊ ತಿಂದರು.

ಬೆನ್ಯಾತ್, ನಾನು ಹತ್ತು ಟಗರು ಬೀಳಿಸಿದ್ದಕ್ಕೆ ಹೆಮ್ಮೆ ಪಡುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಸರಿಯಾದ ಬಂದೂಕು, ಸರಿಯಾದ ಗುಂಡು. ಆರರಲ್ಲಿ ನಾಲ್ಕು ಮನೆ ಕೆಟ್ಟಿದ್ದ ಬಂದೂಕಿನಲ್ಲಿ, ಮುರಿದು ಕೂಡಿದ ಮಣಿಕಟ್ಟಿನಲ್ಲಿ, ಬೆನ್ನ ಹಿಂದೆ ನಗುವವರನ್ನು ಇಟ್ಟುಕೊಂಡು ನೀನು ಮೂರು ಬೀಳಿಸಿದೆ. ನನ್ನ ಹತ್ತಕ್ಕಿಂತ ಅದು ದೊಡ್ಡದು. ಇದನ್ನು ನಾನು ಅಕ್ಕರೆಗೆ ಹೇಳುತ್ತಿಲ್ಲ. ವರ್ನಾಳನ್ನು ಕೇಳು.

ಕಾಗದದ ಜೊತೆ ಎರಡು ಸೀಸದ ತುಂಡು ಇಟ್ಟಿದ್ದೇನೆ. ಒಂದು ನಳಿಗೆ ದಾಟಿದ್ದು. ಇನ್ನೊಂದು, ಕೊರೆಯುವ ಮೊದಲು ಬಿಗಿ ಮನೆಯೊಂದರ ಬಾಯಿಂದ ಕೊಡತಿಯಲ್ಲಿ ತಟ್ಟಿ ದಾಟಿಸಿದ್ದು. ಕಣ್ಣಿಗೆ ಎರಡೂ ಒಂದೇ. ಕಣ್ಣು ಮುಚ್ಚಿಕೊಂಡು ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದಾಗಿ ಹೊರಳಿಸಿ ನೋಡು. ಯಾವುದು ಸಣ್ಣದು ಅಂತ ನಿನಗೆ ತಕ್ಷಣ ತಿಳಿಯುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ತಿಳಿಯುವ ಕೈ ಚರ್ಮ ಹಾಳು ಮಾಡುವುದಿಲ್ಲ.

ನೀನು ಬಾ ಅಂತ ನಾನು ಕರೆಯುತ್ತಿಲ್ಲ. ನಿನ್ನ ಬದುಕು ಅಲ್ಲಿದೆ, ನನಗೆ ಗೊತ್ತು. ಎಲ್ಲಿದ್ದರೂ ಸರಿ, ದಬ್ಬಳ ಹಿಡಿ. ಮೊದಲು ಒಂದು ಬೆಲ್ಟಾದರೂ ಹೊಲಿ. ನನ್ನ ಸೊಂಟದ ಅಳತೆ ಕೇಳಬೇಡ, ದೊಡ್ಡದಾಗೇ ಮಾಡು.

ಜಂಬದಿಂದ ಬೀಗುತ್ತಿರುವ
ನಿನ್ನ ಅಕ್ಕ,
ಗ್ರಾಶಿ

ಮರೆತ ಮಾತು: ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ ಅಂತ ನೀನು ಆಗಲೇ ಗಮನಿಸಿರುತ್ತೀಯ. ನಾನು ಬರೆಯುವುದನ್ನು ಅಪ್ಪ ಎದುರು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಅದನ್ನ ಇಲ್ಲಿ ಕೊಡು" ಅಂತ ಲಕೋಟೆ ಎಳೆದುಕೊಂಡರು. ವಿಳಾಸ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬರೆದು ಮುಗಿಸಿದ್ದರು. ಹೋದ ಚಳಿಗಾಲದಲ್ಲಿ ನೀನು ಬದಲಿಸಿದ ಮನೆಯ ನಂಬರು ಸಮೇತ. ನಿನ್ನ ಕಾಗದಗಳನ್ನು ಅವರು ಅಂಚೆ ಕಚೇರಿಯಿಂದ ತಂದು, ಮೇಲೆ ಬರೆದ ನಿನ್ನ ವಿಳಾಸ ಕಾಣದ ಹಾಗೆ ಮೇಜಿನ ಮೇಲೆ ಮಗುಚಿ ಇಟ್ಟು ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಮಗುಚುವ ಮೊದಲು ಅದನ್ನು ಓದುತ್ತಿದ್ದರು ಅನ್ನುವುದು ಇವತ್ತು ಗೊತ್ತಾಯಿತು.